ಮುಂಚಿತವಾಗಿ ಕಟ್ಟಿದ ಕಂತಿಗೆ ಕ್ಷಮೆ ಕೇಳುವುದಿಲ್ಲ

ಸಾಲ ಇತ್ಯರ್ಥ ಯೋಜನೆಗಳ ಮೇಲ್ವಿಚಾರಣಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಮೇಲ್ವಿಚಾರಣೆಗೆ ಒಳಪಟ್ಟ ಸಾಲ ಇತ್ಯರ್ಥ ಸಂಸ್ಥೆಯೊಂದು ನನ್ನ ಓರಗಿತ್ತಿಯನ್ನು ಸುಸ್ತಿದಾರಳೆಂದು ಘೋಷಿಸಿ ಯೋಜನೆಯಿಂದ ಹೊರಗೆ ಹಾಕಿದೆ. ಆಕೆಯ ಅಪರಾಧವೆಂದರೆ ನಾಲ್ಕು ತಿಂಗಳ ಕಂತನ್ನು ಒಂದೇ ಸಲ, ಅದೂ ಮುಂಚಿತವಾಗಿ, ಕಟ್ಟಿದ್ದು. ಹಣ ಬಂದಿಲ್ಲವೆಂದು ಸಂಸ್ಥೆ ಹೇಳುತ್ತಿಲ್ಲ. ಬಂದಿದೆ ಎಂದೇ ಹೇಳುತ್ತಿದೆ. ಎಷ್ಟು ಬಂದಿದೆ ಎಂಬುದನ್ನೂ ತಪ್ಪಿಲ್ಲದೆ ಹೇಳುತ್ತಿದೆ. ಆದರೆ ಬಂದ ಹಣ ಕಂತಲ್ಲವಂತೆ. ಈ ತಿಂಗಳು ಮುಗಿಯುವುದರೊಳಗೆ, ತಾನು ಕಂತು ತಪ್ಪಿಸಿದ್ದು ನಿಜ, ಕರುಣೆಯಿಟ್ಟು ಮನ್ನಿಸಬೇಕು ಎಂಬ ಕಾಗದಕ್ಕೆ ಆಕೆ ಸಹಿ ಹಾಕಬೇಕಂತೆ. ಹಾಕದಿದ್ದರೆ ಸಾಲ ಕೊಟ್ಟವರು ಅಂಗಡಿಗೆ ಬಂದು ಆಕೆಯ ಹೊಲಿಗೆ ಯಂತ್ರವನ್ನು ಎತ್ತಿಕೊಂಡು ಹೋಗುತ್ತಾರೆ. ಸಹಿ ಹಾಕುವುದಿಲ್ಲವೆಂದು ಆಕೆ ಹೇಳಿದ್ದಾಳೆ. ಆಕೆ ಹೇಳಿದ್ದು ಸರಿ ಎಂದು ನಾನು ಬರೆಯುತ್ತಿದ್ದೇನೆ.

ಇದನ್ನು ನಾಲ್ಕು ಜನ ಓದುವ ಜಾಗದಲ್ಲಿ ಏಕೆ ಬರೆಯಬೇಕಿತ್ತು ಎಂದು ತಾವು ಕೇಳಬಹುದು. ಕ್ರಮಬದ್ಧವಾಗಿ, ಅಂಟಿಸಿದ ಲಕೋಟೆಯಲ್ಲಿ, ತಮ್ಮ ಕಚೇರಿಗೆ ಎರಡು ಪತ್ರ ಬರೆದೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದರ ನಂತರ ನನ್ನ ಮೊಬೈಲಿಗೆ ಒಂದು ಸಂದೇಶ ಬಂತು. ನಮ್ಮ ಕಚೇರಿಯೊಂದಿಗೆ ನಿಮ್ಮ ಅನುಭವ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಅದು ಕೇಳಿತು. ನಾನು ಮೂರು ದಶಕ ಮಕ್ಕಳ ಉತ್ತರಗಳಿಗೆ ಅಂಕ ಕೊಟ್ಟವಳು. ಉತ್ತರವನ್ನೇ ಬರೆಯದವರಿಗೆ ಸೊನ್ನೆ ಕೊಡುವುದು ಅಭ್ಯಾಸ. ತಮ್ಮ ಸಂದೇಶದಲ್ಲಿ ಸೊನ್ನೆ ಕೊಡಲು ಅವಕಾಶವೇ ಇರಲಿಲ್ಲ. ಒಂದು ನಕ್ಷತ್ರವನ್ನಾದರೂ ಕೊಡದೆ ಅದು ಮುಂದೆ ಹೋಗಲೊಲ್ಲದು. ಆ ಒಂದನ್ನು ಕೊಡಲು ಕೈ ಬರಲಿಲ್ಲ. ಆದ್ದರಿಂದ ಈ ಬಹಿರಂಗ ಪತ್ರ.

ಮೊದಲು ಆಕೆ ಯಾರೆಂದು ಹೇಳಬೇಕು. ನನ್ನ ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಅಡುಗೆಮನೆ. ನಾವಿಬ್ಬರೂ ಒಡಹುಟ್ಟಿದವರಂತೆ ಬಾಳಿದ್ದೇವೆಂದು ನಾನಿಲ್ಲಿ ಬರೆದರೆ ನಮ್ಮ ಬೀದಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮನೆಯ ಮುಂಗೋಣೆಯೇ ಆಕೆಯ ಅಂಗಡಿ. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ನನ್ನ ಚಹಾದಲ್ಲಿ ದಾರದ ತುಂಡು, ನನ್ನ ಪುಸ್ತಕದ ಮೇಲೆ ಸೀಮೆಸುಣ್ಣದ ಗೆರೆ, ನನ್ನ ಮಧ್ಯಾಹ್ನದ ನಿದ್ದೆಯ ನಟ್ಟನಡುವೆ ಗುಂಡಿಯ ತೂತು ಹೊಲಿಯುವ ಕಾಜಾ ಯಂತ್ರದ ಟಕಟಕ. ಈ ಬಗ್ಗೆ ನಾನು ಆಕ್ಷೇಪಿಸಿದಾಗಲೆಲ್ಲ ಆಕೆಯ ಉತ್ತರ ಸಿದ್ಧ. "ಅಕ್ಕ, ನೀವು ಅಷ್ಟು ಮಕ್ಕಳಿಗೆ ಬುದ್ಧಿ ಹೊಲಿದ್ರಿ, ನಾನು ಅಂಗಿ ಹೊಲಿದೆ. ನನ್ನ ಅಂಗಿ ಅಳತೆಗೆ ಸರಿಯಾಗಿ ಕೂತಿತ್ತು. ನಿಮ್ಮ ಬುದ್ಧಿ ಕೂತ್ಕೊಂಡಿತೋ ಇಲ್ವೋ ಯಾರಿಗೆ ಗೊತ್ತು?" ಇಂಥವಳ ಪರವಾಗಿ ನಾನು ಲೇಖನಿ ಹಿಡಿದಿದ್ದೇನೆಂದರೆ, ಅದು ಮಮತೆಯಿಂದಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ಸಮವಸ್ತ್ರದ ಕೆಲಸಕ್ಕೆ ಒಂದು ಋತುವಿದೆ. ಶಾಲೆ ತೆರೆಯುವ ಮುನ್ನ ಎರಡು ತಿಂಗಳು ಆಕೆಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಬಾಗಿಲಲ್ಲಿ ಅಳತೆಗೆ ನಿಂತ ಮಕ್ಕಳು, "ಬೆಳೆಯೋ ಹುಡುಗ, ಸ್ವಲ್ಪ ಬಿಟ್ಟು ಹೊಲೀರಿ" ಎನ್ನುವ ತಾಯಂದಿರು. ಶಾಲೆ ತೆರೆಯಿತೆಂದರೆ ಮುಗಿಯಿತು. ಆಮೇಲೆ ಹರಿದ ಜೇಬು, ಉದುರಿದ ಗುಂಡಿ, ಉದ್ದ ಬಿಚ್ಚಬೇಕಾದ ಲಂಗ, ಇಷ್ಟೇ. ಹಾಗಾಗಿ ಈ ಕಸುಬಿನವರು ತಿಂಗಳ ಲೆಕ್ಕದಲ್ಲಿ ಬದುಕುವುದಿಲ್ಲ; ಗಾಳಿ ಬಂದಾಗ ತೂರಿಕೊಳ್ಳುತ್ತಾರೆ. ಅವರಲ್ಲಿ ಇನ್ನೊಂದು ನಡಾವಳಿಯಿದೆ, ಅದಕ್ಕೆ ಅಡ್ವಾನ್ಸ್ ಎಂದು ಹೆಸರು. ಗಿರಾಕಿ ಮುಂಗಡ ಕೊಟ್ಟನೆಂದರೆ ಮಾತು ಮುಗಿಯಿತು, ಬಟ್ಟೆ ಅವನದಾಯಿತು. ಆಮೇಲೆ ಎಷ್ಟೇ ದೊಡ್ಡವರು ಬಂದು ಎಷ್ಟೇ ಹೆಚ್ಚು ಕೊಡುತ್ತೇನೆಂದರೂ ಸರದಿ ತಪ್ಪುವುದಿಲ್ಲ. ಮುಂಗಡ ಕೊಟ್ಟವನಿಗೆ "ನೀನು ಕೊಟ್ಟಿಲ್ಲ" ಎಂದ ದರ್ಜಿ ಆ ಬೀದಿಯಲ್ಲಿ ಮರುವರ್ಷ ಕತ್ತರಿ ಹಿಡಿಯಲಾರ. ಅವರ ಲೋಕದಲ್ಲಿ ಮುಂಚಿತವಾಗಿ ಕೊಟ್ಟ ಹಣಕ್ಕಿಂತ ಗಟ್ಟಿಯಾದ ವಚನವಿಲ್ಲ. ನನ್ನ ಓರಗಿತ್ತಿ ತಮ್ಮ ಲೋಕವೂ ಹಾಗೆಯೇ ಎಂದು ತಿಳಿದಳು. ಆಕೆ ಮಾಡಿದ ತಪ್ಪು ಅಷ್ಟೇ.

ಸಾಲ ಹೇಗಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಬಹುಕಾಲದಿಂದ ಆಕೆಯಲ್ಲಿ ಹೊಲಿಸುತ್ತಿದ್ದ ಶಾಲೆಯೊಂದು ಒಂದು ವರ್ಷ ಇದ್ದಕ್ಕಿದ್ದಂತೆ ಸಿದ್ಧ ಉಡುಪಿನ ವ್ಯಾಪಾರಿಯೊಬ್ಬರ ಕೈಹಿಡಿಯಿತು. ಅಷ್ಟು ಹೊತ್ತಿಗೆ ಬಟ್ಟೆ ಬಂದಿತ್ತು, ಅರ್ಧ ಕತ್ತರಿಸಿಯೂ ಆಗಿತ್ತು. ಆ ಶಾಲೆಯ ಅಂಚಿನ ಪಟ್ಟಿ ಬೇರೆ ಯಾವ ಶಾಲೆಗೂ ಹೊಂದುವಂಥದ್ದಲ್ಲ. ಬಟ್ಟೆಯಂಗಡಿಯ ಬಾಕಿ ತೀರಿಸಲು ಒಂದು ಸಾಲ, ಕಾಜಾ ಯಂತ್ರದ ಮೇಲೆ ಇನ್ನೊಂದು ಸಾಲ, ಆ ಎರಡರ ಬಡ್ಡಿ ಕಟ್ಟಲು ಮೂರನೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ನಾನು ಹೇಳಿದೆ. "ಕಾಲು ಅಷ್ಟೇ ಇದೆ ಅಕ್ಕ, ಹಾಸಿಗೆನೇ ಎಳ್ಕೊಂಡು ಹೋದ್ರು" ಎಂದಳು.

ಆಗ ತಮ್ಮ ಅನುಮೋದನೆ ಪಡೆದ ಸಂಸ್ಥೆಯ ಸಲಹೆಗಾರರೊಬ್ಬರು ಮನೆಗೆ ಬಂದರು. ಹೊಳೆಯುವ ಬೂಟು, ಮೃದುವಾದ ಮಾತು. ಯೋಜನೆ ಸರಳವಾಗಿತ್ತು. ಸಾಲ ಕೊಟ್ಟ ಮೂವರೊಡನೆಯೂ ಸಂಸ್ಥೆ ಮಾತಾಡಿ ಮೊತ್ತವನ್ನು ಇಳಿಸುತ್ತದೆ. ನಾವು ತಿಂಗಳಿಗೊಂದು ಕಂತನ್ನು ಸಂಸ್ಥೆಗೆ ಕಟ್ಟುತ್ತೇವೆ. ಸಂಸ್ಥೆ ತನ್ನ ಶುಲ್ಕ ಮುರಿದುಕೊಂಡು ಉಳಿದದ್ದನ್ನು ಅವರಿಗೆ ಹಂಚುತ್ತದೆ. ಮೂರು ವರ್ಷಕ್ಕೆ ಋಣಮುಕ್ತಿ. ಕಂತು ತಪ್ಪಿದರೆ ಏನು ಎಂದು ನಾನು ಕೇಳಿದೆ. ಅವರು ಬಣ್ಣದ ಕಾಗದ ಬಿಡಿಸಿ ತೋರಿಸಿದರು. ಒಮ್ಮೆ ತಪ್ಪಿದರೆ ಸಂದೇಶ, ಎರಡನೇ ಸಲ ಎಚ್ಚರಿಕೆ, ಮೂರನೇ ಸಲ ಒಪ್ಪಂದ ರದ್ದು. ಇಳಿಸಿದ ಮೊತ್ತ ಮತ್ತೆ ಏರುತ್ತದೆ, ಬಡ್ಡಿ ಮತ್ತೆ ಎದ್ದು ಕೂರುತ್ತದೆ. ಗೋಡೆಗೊರಗಿ ಗುಂಡಿ ಹಚ್ಚುತ್ತಿದ್ದ ನನ್ನ ಓರಗಿತ್ತಿ ತಲೆಯೆತ್ತದೆ ಕೇಳಿದಳು, "ಬೇಗ ಕಟ್ಟಿದ್ರೆ?"

ಸಲಹೆಗಾರರು ನಕ್ಕರು. "ಅಮ್ಮ, ನಾನು ಈ ಕೆಲಸಕ್ಕೆ ಸೇರಿ ಒಂಬತ್ತು ವರ್ಷ ಆಯ್ತು. ಬೇಗ ಕಟ್ಟೋರನ್ನ ಇನ್ನೂ ನೋಡಿಲ್ಲ. ನೀವು ಕಟ್ಟಿದ್ರೆ ನಾನೇ ಬಂದು ಹಾರ ಹಾಕ್ತೀನಿ."

ಮಾನ್ಯರೇ, ಆ ಹಾರ ಇನ್ನೂ ಬಂದಿಲ್ಲ.

ಒಂದು ವರ್ಷಕ್ಕೂ ಮೀರಿ ಆಕೆ ಒಂದೇ ಒಂದು ಕಂತನ್ನು ತಪ್ಪಿಸಲಿಲ್ಲ. ಮೈದುನ ಬೇಕರಿಯ ವ್ಯಾನು ಓಡಿಸುತ್ತಾನೆ. ಅವನ ಸಂಬಳದಲ್ಲಿ ಒಂದಿಷ್ಟು, ಜೇಬು ಗುಂಡಿಗಳ ಸಂಪಾದನೆಯಲ್ಲಿ ಒಂದಿಷ್ಟು ಕೂಡಿಸಿ ಹೇಗೋ ಸಾಗಿಸಿದರು. ಈ ವರ್ಷ ಋತು ಚೆನ್ನಾಗಿ ನಡೆಯಿತು. ಕೈಯಲ್ಲಿ ಒಟ್ಟಿಗೆ ಹಣ ಬಂದ ದಿನ ಆಕೆ ಬಂದು ನನ್ನ ಮುಂದೆ ನಿಂತಳು. "ಅಕ್ಕ, ಈ ದುಡ್ಡು ಮನೇಲಿದ್ರೆ ಮನೆ ತಿನ್ನುತ್ತೆ. ನಿಮ್ಮ ಮೈದುನಂಗೆ ವ್ಯಾನಿನ ಟೈರು ಕಾಣುತ್ತೆ, ನನಗೆ ಹೊಸ ಕತ್ತರಿ ಕಾಣುತ್ತೆ. ನಾಲ್ಕು ತಿಂಗಳದ್ದು ಈಗ್ಲೇ ಕಟ್ಟಿ ಬಿಡ್ತೀನಿ. ಖಾಲಿ ತಿಂಗಳಲ್ಲಿ ನಿಶ್ಚಿಂತೆ." ಶಿಸ್ತನ್ನೇ ಬೋಧಿಸಿ ಬದುಕಿದ ನನಗೆ ಇದಕ್ಕಿಂತ ವಿವೇಕದ ಮಾತು ಆ ಮನೆಯಲ್ಲಿ ಕೇಳಿದ ನೆನಪಿಲ್ಲ. ಕಟ್ಟಿದಳು. ಧನ್ಯವಾದ, ನಿಮ್ಮ ಪಾವತಿ ಸ್ವೀಕರಿಸಲಾಗಿದೆ ಎಂಬ ಉತ್ತರವೂ ಬಂತು. ಪೂರ್ತಿ ಮೊತ್ತ ಅದರಲ್ಲಿತ್ತು.

ಮುಂದಿನ ತಿಂಗಳು ಸಂದೇಶ ಬಂತು, ಕಂತು ಬಂದಿಲ್ಲವೆಂದು. ಅದರ ಮುಂದಿನ ತಿಂಗಳು ಎಚ್ಚರಿಕೆ. ಈ ಎರಡನ್ನೂ ಆಕೆ ಓದಿದಳು, ಅಳಿಸಿದಳು. ಇದನ್ನು ನಾನು ಅಡಗಿಸುವುದಿಲ್ಲ. ಆಕೆಯ ತರ್ಕ ಹೀಗಿತ್ತು: "ದುಡ್ಡು ಕಟ್ಟದವರಿಗೆ ಕಟ್ಟಿ ಅಂತ ಕಂಪನಿಯವರು ಕಳಿಸ್ತಾರೆ. ಕಟ್ಟಿದವರಿಗೂ ಕಟ್ಟಿ ಅಂತ ಬಂದ್ರೆ ಅದು ಕಳ್ಳರದ್ದು." ಮೋಸದ ಸಂದೇಶಗಳಿಗೆ ಬಲಿಯಾಗಬೇಡಿ, ಒತ್ತಬೇಡಿ, ಉತ್ತರಿಸಬೇಡಿ, ಅಳಿಸಿಬಿಡಿ ಎಂದು ತಮ್ಮಂಥ ಕಚೇರಿಗಳೇ ಹಗಲಿರುಳು ಸಾರುತ್ತಿವೆಯಲ್ಲ? ಆಕೆ ತಮ್ಮ ಉಪದೇಶವನ್ನು ಅಕ್ಷರಶಃ ಪಾಲಿಸಿದಳು. ಕಳ್ಳರ ಮಾತಿಗೂ ಕಚೇರಿಯ ಮಾತಿಗೂ ವ್ಯತ್ಯಾಸ ತಿಳಿಯದಷ್ಟು ಎರಡೂ ಒಂದೇ ಧಾಟಿಯಲ್ಲಿದ್ದರೆ, ಅದು ಓದಿದವಳ ದೋಷವೋ ಬರೆದವರ ದೋಷವೋ ತಾವೇ ತೀರ್ಮಾನಿಸಬೇಕು.

ಮೂರನೆಯದಾಗಿ ಬಂದದ್ದು ರದ್ದತಿಯ ಆದೇಶ. ಅದರ ಬೆನ್ನಿಗೇ ಯಂತ್ರದ ಮೇಲೆ ಸಾಲ ಕೊಟ್ಟವರ ಕಡೆಯ ವಸೂಲಿಗಾರ ಬಂದ. ಕೈಯಲ್ಲಿ ಕಬ್ಬಿಣದ ಟೇಪು. ಕಾಜಾ ಯಂತ್ರ ಬಾಗಿಲಲ್ಲಿ ಹಿಡಿಯುತ್ತದೆಯೇ ಎಂದು ಅಳೆಯತೊಡಗಿದ. ನನ್ನ ಓರಗಿತ್ತಿ ಎದ್ದು ಹೋಗಿ ಅವನ ಕೈಯಿಂದ ಟೇಪನ್ನು ತೆಗೆದುಕೊಂಡಳು.

"ಹೀಗಲ್ಲ ಹಿಡಿಯೋದು. ಕೊಡಿ ಇಲ್ಲಿ. ನೋಡಿ, ಬಾಗಿಲಿಗಿಂತ ಒಂದೂವರೆ ಇಂಚು ಜಾಸ್ತಿ. ತರುವಾಗ ಚೌಕಟ್ಟು ಬಿಚ್ಚಿ ತಂದಿದ್ವಿ. ಒಯ್ಯುವಾಗ ನೀವೂ ಬಿಚ್ಚಿ. ಆದ್ರೆ ವಾಪಸ್ ಕೂರಿಸಿ, ಬಣ್ಣ ಹಚ್ಚಿ ಹೋಗ್ಬೇಕು."

"ಅಕ್ಕಾ, ನನ್ನ ಮೇಲೆ ಕೋಪ ಮಾಡ್ಕೋಬೇಡಿ. ನಂದೇನಿದೆ?"

"ನಿನ್ನ ಮೇಲೆ ಯಾಕಪ್ಪ ಕೋಪ? ನಿನ್ನ ಅಂಗಿಯ ಎರಡನೇ ಗುಂಡಿ ಸಡಿಲ ಆಗಿದೆ. ಬಿಚ್ಚಿಕೊಡು, ಹಾಕಿಕೊಡ್ತೀನಿ."

ಅವನು ಬಿಚ್ಚಿಕೊಡಲಿಲ್ಲ. ತಿಂಗಳ ಕೊನೆಗೆ ಬರುತ್ತೇನೆಂದು ಹೇಳಿ ಹೋದ. ಅವನು ತಿರುವಿನಲ್ಲಿ ಮರೆಯಾದ ಮೇಲೆ ಆಕೆ ಯಂತ್ರದ ಮೇಲೆ ಕೈಯಿಟ್ಟುಕೊಂಡು ನಿಂತಳು. ಆ ಯಂತ್ರವಿಲ್ಲದೆ ಮುಂದಿನ ಋತುವಿಲ್ಲ. ಒಂದೊಂದು ಅಂಗಿಯ ಕಾಜಾವನ್ನೂ ಕೈಯಲ್ಲಿ ಹೆಣೆಯುತ್ತ ಕೂತರೆ ಶಾಲೆ ತೆರೆಯುವ ಹೊತ್ತಿಗೆ ಒಂದು ತರಗತಿಯೂ ಮುಗಿಯುವುದಿಲ್ಲ. ಆಕೆ ಹಾಗೆ ನಿಂತದ್ದನ್ನು ನೋಡಿದಾಗಲೇ ನನಗೆ ವಿಷಯದ ಗಾಂಭೀರ್ಯ ತಿಳಿದದ್ದು.

ಮರುದಿನ ನಾವಿಬ್ಬರೂ ಸಂಸ್ಥೆಯ ಕಚೇರಿಗೆ ಹೋದೆವು. ಟೋಕನ್ನು, ಉಕ್ಕಿನ ಕುರ್ಚಿಗಳು, ಗಾಜಿನ ಆಚೆ ಕನ್ನಡಕದ ಗುಮಾಸ್ತ. ಒಳ್ಳೆಯ ಹುಡುಗ, ಅವನ ಬಗ್ಗೆ ನನ್ನ ದೂರಿಲ್ಲ. ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿ ಹೇಳಿದ, "ದುಡ್ಡು ಇದೆ ಮೇಡಂ."

"ಇದೆಯಲ್ಲ? ಮತ್ತೆ?"

"ದುಡ್ಡು ಇದೆ. ಆದ್ರೆ ಕಂತಿಲ್ಲ."

ನಾನು ಅವನಿಗೆ ಇನ್ನೊಮ್ಮೆ ಹೇಳಲು ಹೇಳಿದೆ. ಅವನು ತಾಳ್ಮೆಯಿಂದ ವಿವರಿಸಿದ. ಒಂದು ತಿಂಗಳಲ್ಲಿ ಒಂದೇ ಕಂತನ್ನು ಕಂಪ್ಯೂಟರು ಗುರುತಿಸುತ್ತದೆ. ಉಳಿದ ಮೂರು ಕಂತಿನ ಹಣ ಹೆಚ್ಚುವರಿ ಜಮೆ ಎಂಬ ಬೇರೆ ಖಾನೆಗೆ ಹೋಗಿ ಕೂತಿದೆ. ಆ ಖಾನೆಯನ್ನು ಯೋಜನೆ ಮುಗಿಯುವಾಗ ಮಾತ್ರ ತೆರೆಯಬಹುದು. ಯೋಜನೆ ರದ್ದಾಗಿರುವುದರಿಂದ ಅದಿನ್ನು ಮುಗಿಯುವಂತಿಲ್ಲ, ಆದ್ದರಿಂದ ತೆರೆಯುವಂತಿಲ್ಲ. ಹಣ ಅಲ್ಲಿ ಸುರಕ್ಷಿತವಾಗಿದೆ ಎಂದು ಅವನು ನಮಗೆ ಭರವಸೆ ಕೊಟ್ಟ. ಸುರಕ್ಷಿತವಾಗಿರದೆ ಏನು? ಕೊಟ್ಟವರಿಗೂ ಸಿಗದು, ಸೇರಬೇಕಾದವರಿಗೂ ಸಿಗದು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಎಂಬ ಗಾದೆಯನ್ನು ನಾನು ವರ್ಷವರ್ಷವೂ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತಿದ್ದೆ. ಇಷ್ಟು ಚೆನ್ನಾಗಿ ವಿಸ್ತರಿಸಿದ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ.

ಹಾಗಾದರೆ ಮುಂದೇನು ಎಂದು ಕೇಳಿದಾಗ ಅವನು ಮೇಜಿನ ಖಾನೆಯಿಂದ ಒಂದು ನಮೂನೆ ತೆಗೆದ. ಕಂತು ತಪ್ಪಿಸಿದವರಿಗೆ ಅನುಕಂಪದ ಆಧಾರದ ಮೇಲೆ ಮರುಪ್ರವೇಶ. ಕೆಳಗೆ ತಮ್ಮ ಕಚೇರಿಯ ಅನುಮೋದನೆಯ ಮುದ್ರೆ. ತಪ್ಪಿಸಿದ್ದಕ್ಕೆ ಕಾರಣವನ್ನು ಗುರುತು ಹಾಕಬೇಕು: ಅನಾರೋಗ್ಯ, ಉದ್ಯೋಗ ನಷ್ಟ, ಕುಟುಂಬದಲ್ಲಿ ಸಾವು. ಅದರಡಿ ಸಹಿ. ಸಹಿ ಹಾಕಿದರೆ ಯೋಜನೆ ಮೊದಲ ತಿಂಗಳಿನಿಂದ ಮತ್ತೆ ಆರಂಭ, ಪ್ರವೇಶ ಶುಲ್ಕ ಮತ್ತೊಮ್ಮೆ. ವಸೂಲಿಗಾರ ಬರುವುದಿಲ್ಲ.

ನನ್ನ ಓರಗಿತ್ತಿ ನಮೂನೆಯನ್ನು ಅಂಗಿಯ ತೋಳು ನೋಡುವಂತೆ ತಿರುಗಿಸಿ ಮುರುಗಿಸಿ ನೋಡಿದಳು. "ಇದ್ರಲ್ಲಿ ಯಾರು ಸತ್ತರು ಅಂತ ಬರೀಲಿ?"

"ಅನಾರೋಗ್ಯ ಅಂತ ಹಾಕಿ ಮೇಡಂ. ಅದು ಬೇಗ ಪಾಸಾಗುತ್ತೆ."

"ನನಗೇನಾಗಿದೆ? ನೋಡಿದ್ರೆ ಹಾಗೆ ಕಾಣ್ತೀನಾ?"

"ಇಲ್ಲ ಮೇಡಂ. ಆದ್ರೆ ಮುಂಚೆ ಕಟ್ಟಿದ್ದೀನಿ ಅನ್ನೋದು ಕಾರಣಗಳಲ್ಲಿ ಇಲ್ಲ."

ಪಕ್ಕದ ಗಾಜಿನ ಮುಂದೆ ಗೋಡೆಗೆ ಬಣ್ಣ ಬಳಿಯುವವನೊಬ್ಬ ಕೂತಿದ್ದ. ಏಣಿಯಿಂದ ಬಿದ್ದು ಕೈಗೆ ಪಟ್ಟಿ. ಅವನು ನಮ್ಮ ಕಡೆ ಬಾಗಿ, "ನಂದು ನಿಜವಾಗ್ಲೂ ತಪ್ಪಿದೆ ತಾಯಿ. ನಂಗೆ ಆಗ್ಲೇ ಆಯ್ತು. ನಿಮ್ಮದು ತಪ್ಪಿಲ್ಲ ಅಂತಾನೇ ತಡ" ಎಂದ. ಅವನ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ನಮ್ಮ ಬಗ್ಗೆ ನಿಜವಾದ ಮರುಕವಿತ್ತು. ಅವನಿಗೂ ಮೊದಲ ತಿಂಗಳಿನಿಂದಲೇ ಮರು ಆರಂಭ, ಅವನಿಗೂ ಎರಡನೇ ಪ್ರವೇಶ ಶುಲ್ಕ. ಮುರಿದ ಕೈಯಿಂದ ದುಡಿಯಲಾಗದವನ ಬಳಿ ಹೆಚ್ಚಿನ ಶುಲ್ಕ ಕೇಳುವುದನ್ನು ಅನುಕಂಪವೆಂದು ಕರೆಯುವ ಧೈರ್ಯ ತಮ್ಮ ನಮೂನೆಗಲ್ಲದೆ ಬೇರಾರಿಗೂ ಇರಲಾರದು.

ಮನೆಗೆ ಬಂದ ಮೇಲೆ ಮೈದುನ ನಮೂನೆ ಓದಿದ. "ಒಂದು ಸಹಿ ತಾನೆ? ಹಾಕಿ ಮುಗಿಸು ಮಾರಾಯ್ತಿ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ."

"ಮಿಷಿನ್ ಹೋದ್ರೆ ಏನ್ ನೋಡ್ತೀಯ? ಅತ್ತಿಗೆ, ನೀವಾದ್ರೂ ಹೇಳಿ. ನಿಮ್ಮ ಮಾತು ಕೇಳ್ತಾಳೆ."

"ಯಾವತ್ತು ಕೇಳಿದ್ದಾಳೆ?" ಎಂದೆ ನಾನು.

ಅವನು ಹೇಳುವುದರಲ್ಲಿ ಹುರುಳಿಲ್ಲದಿರಲಿಲ್ಲ. ಹೊಟ್ಟೆಪಾಡಿನ ಮುಂದೆ ಒಂದು ಗುರುತು, ಒಂದು ಸಹಿ ಏನು ಮಹಾ? ಬೀದಿಯವರೂ ಅದನ್ನೇ ಹೇಳಿದರು. ಮೇಲಿನ ಮನೆಯ ನರ್ಸ್ ಬೇಕಾದರೆ ಅನಾರೋಗ್ಯಕ್ಕೆ ಒಂದು ಚೀಟಿ ಕೊಡಿಸುತ್ತೇನೆಂದರು. ಎಲ್ಲರದ್ದೂ ಒಳ್ಳೆಯ ಮನಸ್ಸೇ. ನನ್ನ ಓರಗಿತ್ತಿ ಎಲ್ಲರ ಮಾತನ್ನೂ ಕೇಳಿಸಿಕೊಂಡು, ಕೊನೆಗೆ ನನ್ನ ಕಡೆ ತಿರುಗಿದಳು.

"ಅಕ್ಕ, ಒಂದು ಕೇಳ್ತೀನಿ. ನಿಮ್ಮ ಕ್ಲಾಸಿಗೆ ಒಂದು ಮಗು ಬೆಲ್ ಹೊಡೆಯೋಕೆ ಮುಂಚೇನೇ ಬಂದು ಕೂತಿದೆ. ನೀವು ನೋಡದೆ ಆಬ್ಸೆಂಟ್ ಹಾಕಿದ್ರಿ. ಆಮೇಲೆ ಆ ಮಗು, ನನಗೆ ಜ್ವರ ಇತ್ತು, ಬರೋಕಾಗ್ಲಿಲ್ಲ, ಕ್ಷಮಿಸಿ ಅಂತ ಚೀಟಿ ತಂದ್ರೆ ನೀವು ತಗೋತಿದ್ರಾ?"

"ಹರಿದು ಹಾಕ್ತಿದ್ದೆ. ಅದರಪ್ಪನನ್ನ ಕರೆಸ್ತಿದ್ದೆ."

"ಅಷ್ಟೇ. ಹಾಗಿದ್ರೆ ನನಗೆ ಮಾತ್ರ ಯಾಕೆ ಚೀಟಿ ಬರಿ ಅಂತೀರಿ?"

ಮಾನ್ಯರೇ, ಆ ಪ್ರಶ್ನೆಗೆ ಉತ್ತರಿಸಬೇಕಾದವರು ತಾವು. ಸುಳ್ಳು ಹೇಳಿದರೆ ಕ್ಷಮೆ, ನಿಜ ಹೇಳಿದರೆ ವಸೂಲಿಗಾರ: ಇದು ತಮ್ಮ ಅನುಮೋದಿತ ಕ್ರಮ. ಪ್ರಜೆಗಳನ್ನು ಸುಳ್ಳು ಹೇಳದಂತೆ ತಡೆಯಬೇಕಾದ ಮುದ್ರೆ, ಸುಳ್ಳು ಎಲ್ಲಿ ಬರೆಯಬೇಕೆಂದು ಚೌಕ ಹಾಕಿ ತೋರಿಸುತ್ತದೆ. ಇದನ್ನು ರಚಿಸಿದವರು ಎಂದಾದರೂ ತಿಂಗಳ ಸಂಬಳವಿಲ್ಲದ ಮನೆಯೊಂದರಲ್ಲಿ ಒಂದು ದಿನ ಕಳೆದಿದ್ದಾರೆಯೆ? ಜಗತ್ತಿನ ಎಲ್ಲ ಸಾಲಗಾರರ ಕೈಗೂ ಒಂದನೇ ತಾರೀಖು ಹಣ ಬಂದು ಬೀಳುತ್ತದೆಂದು ಅವರಿಗೆ ಹೇಳಿಕೊಟ್ಟ ಗುರುಗಳು ಯಾರು? ಮೀನುಗಾರನಿಗೆ ಒಂದು ಋತು, ಇಟ್ಟಿಗೆ ಸುಡುವವನಿಗೆ ಒಂದು ಋತು, ಮದುವೆಯ ಫೋಟೋ ತೆಗೆಯುವವನಿಗೆ ಒಂದು ಋತು. ಇವರೆಲ್ಲ ಹಣ ಇದ್ದಾಗ ಕಟ್ಟಬಾರದು, ಇಲ್ಲದಾಗ ಕಟ್ಟಬೇಕು ಎಂಬುದು ಯಾವ ಅರ್ಥಶಾಸ್ತ್ರ?

ಒಳ್ಳೆಯ ದರ್ಜಿ ಮಗುವಿನ ಲಂಗಕ್ಕೆ ಒಳಗಡೆ ಎರಡಂಗುಲ ಬಟ್ಟೆ ಮಡಿಚಿ ಹೊಲಿಯುತ್ತಾನೆ. ಹೊರಗಿನಿಂದ ಅದು ಕಾಣುವುದಿಲ್ಲ. ಮಗು ಬೆಳೆದಾಗ ಬಿಚ್ಚಿದರೆ ಲಂಗ ಇನ್ನೊಂದು ವರ್ಷ ಬರುತ್ತದೆ. ನಿಯಮ ಮಾಡುವವರಿಗೂ ಅಂಥ ಒಂದು ಮಡಿಕೆಯ ವಿವೇಕ ಇರಬೇಕು. ಸಡಿಲವಾದ ನಿಯಮ ಮಾಡಿ ಎಂದು ನಾನು ಕೇಳುತ್ತಿಲ್ಲ. ನನ್ನ ತರಗತಿಯಲ್ಲಿ ಓದಿದ ಯಾರನ್ನು ಬೇಕಾದರೂ ಕೇಳಿ, ಸಡಿಲಿಕೆ ನನ್ನ ಗುಣವಲ್ಲ. ಕಂತು ತಪ್ಪಿಸಿದವರನ್ನು ವಿಚಾರಿಸಬೇಡಿ ಎಂದೂ ನಾನು ಹೇಳುವುದಿಲ್ಲ. ವಿಚಾರಿಸಿ ಎಂದೇ ಹೇಳುತ್ತೇನೆ. ವಿಚಾರಿಸುವುದೆಂದರೆ ಎದುರಿಗೆ ಕೂರಿಸಿಕೊಂಡು ಏನಾಯಿತು ಎಂದು ಕೇಳುವುದು. ತಮ್ಮ ಸಂಸ್ಥೆ ಮೂರು ತಿಂಗಳಲ್ಲಿ ಒಂದೇ ಒಂದು ಸಲ, ಒಬ್ಬ ಮನುಷ್ಯನ ಕೈಯಲ್ಲಿ, "ಅಮ್ಮ, ಕಂತು ಬಂದಿಲ್ಲವಲ್ಲ, ಏನು ಸಮಾಚಾರ?" ಎಂದು ಫೋನು ಮಾಡಿಸಿದ್ದರೆ, ಆಕೆ ಎರಡು ನಿಮಿಷದಲ್ಲಿ ಹೇಳಿಬಿಡುತ್ತಿದ್ದಳು. ಸ್ವಲ್ಪ ಬೈದೂ ಇರುತ್ತಿದ್ದಳು. ಆದರೆ ಯೋಜನೆ ಉಳಿಯುತ್ತಿತ್ತು.

ನನ್ನ ಓರಗಿತ್ತಿ ಆ ಬಣ್ಣದವನಿಗಿಂತ ಮೇಲು ಎಂದು ವಾದಿಸಲು ನಾನಿಲ್ಲಿ ಬಂದಿಲ್ಲ. ಬಿದ್ದು ಕೈ ಮುರಿದುಕೊಳ್ಳುವುದು ನೀತಿಭ್ರಷ್ಟತೆಯಲ್ಲ. ಕಷ್ಟಕ್ಕೆ ಸಿಕ್ಕಿ ಕಂತು ತಪ್ಪಿಸಿದವನಿಗೆ ಕೆಲವು ತಿಂಗಳು ಉಸಿರಾಡಲು ಬಿಟ್ಟು, ನಿಂತ ಜಾಗದಿಂದಲೇ ಯೋಜನೆಯನ್ನು ಮುಂದುವರಿಸುವುದು ಸಾಲ ಕೊಟ್ಟವರಿಗೂ ಲಾಭವೇ; ಬಿದ್ದವನನ್ನು ಏಣಿಯ ಬುಡಕ್ಕೆ ಎಳೆದು ತಂದು ಮತ್ತೆ ಹತ್ತು ಎಂದರೆ ಅವನು ಎಂದೂ ಮೇಲೆ ಮುಟ್ಟುವುದಿಲ್ಲ, ಸಂಸ್ಥೆಗೆ ಮಾತ್ರ ಪ್ರತಿ ಸಲವೂ ಪ್ರವೇಶ ಶುಲ್ಕ ಮುಟ್ಟುತ್ತಿರುತ್ತದೆ. ರದ್ದತಿಯಿಂದ ಯಾರಿಗೆ ಆದಾಯವಿದೆಯೋ ಅವರ ಕೈಗೇ ರದ್ದು ಮಾಡುವ ಅಧಿಕಾರವನ್ನು ಕೊಟ್ಟವರು ಯಾರು ಎಂದು ಕೇಳಿದರೆ, ಮುದ್ರೆ ತಮ್ಮದೇ ಇದೆ. ಇದು ಅಜಾಗರೂಕತೆಯೇ ಇರಲಿ ಎಂದು ನಾನು ಆಶಿಸುತ್ತೇನೆ. ಇನ್ನೊಂದು ಸಾಧ್ಯತೆಯನ್ನು ಯೋಚಿಸಲು ನನಗೆ ಮನಸ್ಸಿಲ್ಲ.

ಈಗ ನಮ್ಮ ಬೇಡಿಕೆ. ಬೇಡಿಕೆ ಎನ್ನುತ್ತಿದ್ದೇನೆ, ಮನವಿ, ವಿನಂತಿ, ಪ್ರಾರ್ಥನೆ ಎಂಬ ಪದಗಳೂ ನನಗೆ ಗೊತ್ತು, ಬೇಕೆಂದೇ ಬಳಸಿಲ್ಲ. ಸಂಸ್ಥೆಯ ಖಾನೆಯಲ್ಲಿ ಕೂತಿರುವ ಹಣವನ್ನು ಕಂತೆಂದು ಒಪ್ಪಿಕೊಳ್ಳಿ. ಒಪ್ಪಿದರೆ ಯಾವ ಕಂತೂ ತಪ್ಪಿಲ್ಲ, ರದ್ದತಿಯ ಆದೇಶ ತಾನಾಗಿ ಬೀಳುತ್ತದೆ, ಇಳಿಸಿದ ಮೊತ್ತ ಇಳಿದಲ್ಲೇ ಇರುತ್ತದೆ. ಒಪ್ಪುವುದಿಲ್ಲವೋ, ಅಷ್ಟೂ ಹಣವನ್ನು ಅಂದೇ ಆಕೆಯ ಕೈಗೆ ಹಿಂದಿರುಗಿಸಿ, ತಮಗೆ ಕಂತು ಬಂದಿಲ್ಲವೆಂದು ತಮ್ಮ ಮುದ್ರೆಯಡಿ ಬರೆದುಕೊಡಿ. ಹಣವನ್ನು ಇಟ್ಟುಕೊಂಡು ಹಣ ಬಂದಿಲ್ಲವೆನ್ನುವ ಮೂರನೇ ದಾರಿಯನ್ನು ಸಾಮಾನ್ಯರು ಹಿಡಿದರೆ ಅದಕ್ಕೆ ಪೊಲೀಸರ ಬಳಿ ಬೇರೆಯೇ ಹೆಸರಿದೆ. ಇದಲ್ಲದೆ ಆ ನಮೂನೆಯನ್ನು ಹಿಂತೆಗೆದುಕೊಳ್ಳಿ. ಕೈ ಮುರಿದವನಿಗೆ ಅವನು ನಿಂತ ತಿಂಗಳಿನಿಂದಲೇ ಮುಂದುವರಿಸಲು ಬಿಡಿ, ಎರಡನೇ ಶುಲ್ಕ ಬೇಡ. ನಮಗೆ ಅನುಕಂಪ ಬೇಡ; ಅದನ್ನು ಅವನಂಥವರಿಗೆ ನಿಜವಾಗಿ ಕೊಡುವಷ್ಟು ತಮ್ಮಲ್ಲಿ ಉಳಿದಿದ್ದರೆ ಸಾಕು.

ನನ್ನ ಓರಗಿತ್ತಿ ಸಹಿ ಹಾಕುವುದಿಲ್ಲ. ಮೈದುನ ಎರಡು ದಿನ ಮಾತು ಬಿಟ್ಟಿದ್ದ; ನಿನ್ನೆ ಬಂದು, "ಬಾಗಿಲ ಚೌಕಟ್ಟು ಬಿಚ್ಚೋಕೆ ನಾನು ಸ್ಕ್ರೂಡ್ರೈವರ್ ಕೊಡಲ್ಲ, ಅವರೇ ತರಲಿ" ಎಂದು ಹೇಳಿ ವ್ಯಾನು ಹತ್ತಿದ. ಅವನ ಒಪ್ಪಿಗೆ ಯಾವಾಗಲೂ ಇಂಥ ದಾರಿಯಲ್ಲೇ ಬರುತ್ತದೆ. ವಸೂಲಿಗಾರ ತಿಂಗಳ ಕೊನೆಗೆ ಬರುತ್ತಾನೆ. ಯಂತ್ರವನ್ನು ಒಯ್ಯಬಹುದು. ಅದು ಹೋದ ಕೋಣೆ ಹೇಗಿರುತ್ತದೆಂದು ಊಹಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ, ಆಕೆಗೂ ಇಲ್ಲ. ಯಂತ್ರ ಹೋಗಬಹುದೆಂಬುದನ್ನು ಬಲ್ಲೆವು, ಬಲ್ಲುದರಿಂದಲೇ ಬರೆಯುತ್ತಿದ್ದೇನೆ.

ಮುಂಚಿತವಾಗಿ ಕಟ್ಟಿದ ನಾಲ್ಕು ತಿಂಗಳು ಈ ತಿಂಗಳಿಗೆ ಮುಗಿಯುತ್ತವೆ. ಮುಂದಿನ ಕಂತು ಬರುವ ಒಂದನೇ ತಾರೀಖಿಗೆ. ಯಂತ್ರ ಇರಲಿ, ಹೋಗಲಿ, ಅಂದು ಬೆಳಗ್ಗೆ ಸಂಸ್ಥೆಯ ಬಾಗಿಲು ತೆರೆಯುವ ಹೊತ್ತಿಗೆ ನಾವಿಬ್ಬರೂ ಟೋಕನ್ನು ಹಿಡಿದು ನಿಂತಿರುತ್ತೇವೆ. ಗಾಜಿನ ಕೆಳಗಿನ ಸಂದಿಯಲ್ಲಿ ಐದನೇ ತಿಂಗಳ ಕಂತನ್ನು ಒಳಗೆ ತಳ್ಳಿ ರಸೀದಿ ಕೇಳುತ್ತೇವೆ. ಯೋಜನೆ ರದ್ದಾಗಿದೆ, ತೆಗೆದುಕೊಳ್ಳಲಾಗದು ಎಂದು ಆ ಒಳ್ಳೆಯ ಹುಡುಗ ಹೇಳಬಹುದು. ಹೇಳಲಿ. ನನ್ನ ಮಂಡಿ ನೋವಿಗೆ ಕುರ್ಚಿ ಇದೆ. ಆಕೆ ಹಚ್ಚಲು ಒಂದು ಚೀಲ ಗುಂಡಿ ತರುತ್ತಾಳೆ. ರಸೀದಿ ಬರುವವರೆಗೆ ನಾವು ಅಲ್ಲಿಂದ ಏಳುವುದಿಲ್ಲ.

ಇಂತಿ,
ಕೊಟ್ಟ ಹಣಕ್ಕೆ ಸಾಕ್ಷಿ ಹೇಳಬೇಕಾಗಿ ಬಂದ,
ಕಟ್ಟಿಯೂ ಸುಸ್ತಿದಾರಳಾದವಳ ಓರಗಿತ್ತಿ,
ನಿವೃತ್ತ ಶಿಕ್ಷಕಿ